ಆಟದ ಲ್ಯಾಪ್‌ಟಾಪ್ ಕೊಳ್ಳುವ ಮುನ್ನ

ಮುಂಬಯಿಗೆ ಬಂದು ನೆಲೆಸಿದ ನಮ್ಮ ಜನರ ಮನೆಗಳಲ್ಲಿ ಒಂದು ಕಾಲಕ್ಕೆ ದೊಡ್ಡ ಖರೀದಿಯೆಂದರೆ ಚಿನ್ನ, ಹೊಲಿಗೆಯ ಯಂತ್ರ, ರೇಡಿಯೋ ಇಷ್ಟೇ ಆಗಿದ್ದವು. ಇವನ್ನು ಪರೀಕ್ಷಿಸುವ ಬಗೆ ಹಿರಿಯರಿಗೆ ಗೊತ್ತಿತ್ತು. ಚಿನ್ನವನ್ನು ಒರೆಗಲ್ಲಿಗೆ ತಿಕ್ಕಿ ನೋಡುತ್ತಿದ್ದರು. ಹೊಲಿಗೆಯ ಯಂತ್ರದ ಚಕ್ರವನ್ನು ತಿರುಗಿಸಿ ಅದರ ಸದ್ದಿಗೆ ಕಿವಿಗೊಡುತ್ತಿದ್ದರು. ರೇಡಿಯೋದಲ್ಲಿ ದೂರದ ನಿಲಯವೊಂದು ಸ್ಪಷ್ಟವಾಗಿ ಕೇಳಿಸಿದ ಬಳಿಕವೇ ಹಣ ಎಣಿಸುತ್ತಿದ್ದರು. ಇಂದು ಕಾಲೇಜಿಗೆ ಹೋಗುವ ಮಗನೋ ಮಗಳೋ "ನನಗೊಂದು ಗೇಮಿಂಗ್ ಲ್ಯಾಪ್‌ಟಾಪ್ ಬೇಕು, ಅದೂ ಹೇಳಿ ಮಾಡಿಸಿದ್ದಾಗಬೇಕು" ಎಂದಾಗ ಅಂಥ ಹಿರಿಯರೇ ತಬ್ಬಿಬ್ಬಾಗುತ್ತಾರೆ. ಒಂದು ಲಕ್ಷ ರೂಪಾಯಿಯ ಸಮೀಪಕ್ಕೆ ಬರುವ ಈ ವಸ್ತುವಿಗೆ ಒರೆಗಲ್ಲು ಯಾವುದು?

ಈ ಪ್ರಶ್ನೆಯನ್ನು ನಮ್ಮ ಮುಂದಿಟ್ಟವರು ಡೊಂಬಿವಿಲಿಯಲ್ಲಿ ವಾಸವಾಗಿರುವ ಗೃಹಸ್ಥರೊಬ್ಬರು. ಕುಂದಾಪುರದ ಕಡೆಯವರು. ಹದಿಮೂರರ ಪ್ರಾಯದಲ್ಲಿ ಈ ನಗರಕ್ಕೆ ಬಂದು, ಹಗಲು ಹೋಟೆಲಿನಲ್ಲಿ ಕಪ್ಪುಬಸಿ ತೊಳೆದು, ರಾತ್ರಿ ಶಾಲೆಯಲ್ಲಿ ಅಕ್ಷರ ಕಲಿತು, ಈಗ ಘಾಟ್ಕೋಪರದಲ್ಲಿ ಪಾಲುದಾರರೊಬ್ಬರ ಜೊತೆ ಸಣ್ಣದೊಂದು ಉಪಾಹಾರ ಗೃಹ ನಡೆಸುತ್ತಿದ್ದಾರೆ. ಮಗ ನವಿ ಮುಂಬಯಿಯ ಇಂಜಿನಿಯರಿಂಗ್ ಕಾಲೇಜೊಂದರಲ್ಲಿ ಎರಡನೆಯ ವರ್ಷದ ವಿದ್ಯಾರ್ಥಿ. ಮನೆಯಲ್ಲಿ ತೆಗೆದಿರಿಸಿದ ಹಣ 90,000 ರೂಪಾಯಿ. ಅದು ದಿನಕ್ಕೆ 100 ರೂಪಾಯಿಯಂತೆ ಪಿಗ್ಮಿಗೆ ಕಟ್ಟಿ ಕೂಡಿಸಿದ ಹಣ. ಮುಂದೆ ಸಿಂಡಿಕೇಟ್ ಬ್ಯಾಂಕೆಂದು ಹೆಸರಾದ ಉಡುಪಿಯ ಸಂಸ್ಥೆ 1928ರಲ್ಲಿ ಆರಂಭಿಸಿದ ಈ ಪದ್ಧತಿಯನ್ನು ನಮ್ಮ ವಾಚಕರಿಗೆ ಪರಿಚಯಿಸಬೇಕಾಗಿಲ್ಲ. 90,000 ರೂಪಾಯಿಯೆಂದರೆ 900 ದಿನಗಳ ಕಟ್ಟು, ಹೆಚ್ಚುಕಡಿಮೆ ಎರಡೂವರೆ ವರ್ಷ. ಇಂಥ ಹಣವನ್ನು ಒಂದು ಮಧ್ಯಾಹ್ನದ ಅವಸರಕ್ಕೆ ಒಪ್ಪಿಸಲು ಅವರ ಮನಸ್ಸು ಒಡಂಬಡದಿದ್ದುದು ಸಹಜವೇ.

ಆಟವೋ ಜೂಜೋ?

ಅವರ ಮೊದಲ ಶಂಕೆ ಯಂತ್ರದ ಕುರಿತಾದುದಲ್ಲ, ಹೆಸರಿನ ಕುರಿತಾದುದು. "ಗೇಮಿಂಗ್ ಅಂದ್ರೆ ಜೂಜೇ ಅಲ್ವ? ನೀವೇ ಹೇಳಿ ಮಾರಾಯರೆ" ಎಂದು ಅವರು ಕೇಳಿದರು. ಪತ್ರಿಕೆಗಳಲ್ಲಿ ಬಂದ ಸುದ್ದಿಗಳನ್ನು ಓದಿದವರಿಗೆ ಈ ಸಂಶಯ ಬರುವುದು ಆಶ್ಚರ್ಯವಲ್ಲ. ಆದರೆ ಎರಡೂ ಬೇರೆ. ಹಣವನ್ನು ಪಣಕ್ಕಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನನ್ನು ಸಂಸತ್ತು 2025ರ ಆಗಸ್ಟಿನಲ್ಲಿ ಅಂಗೀಕರಿಸಿತು. ಅದೇ ಕಾನೂನು ಇ-ಕ್ರೀಡೆಗಳಿಗೆ ಪ್ರೋತ್ಸಾಹವನ್ನೂ ಹೇಳಿದೆ. 2023ರಲ್ಲಿ ಚೀನಾದ ಹಾಂಗ್‌ಝೌ ನಗರದಲ್ಲಿ ನಡೆದ ಏಷ್ಯನ್ ಕ್ರೀಡಾಕೂಟದಲ್ಲಿ ಇ-ಕ್ರೀಡೆಗಳಿಗೆ ಪದಕಗಳೂ ಇದ್ದವು. ಹುಡುಗನು ಬಯಸಿದ್ದು ಕಾರು ಓಡಿಸುವ, ಕಾಲ್ಚೆಂಡು ಆಡುವ ಚಿತ್ರಮಯ ಆಟಗಳನ್ನು.

ಇನ್ನೊಂದು ಮಾತನ್ನೂ ನಾವು ಅವರಿಗೆ ತಿಳಿಸಿದೆವು. ಆಟದ ದೃಶ್ಯಗಳನ್ನು ಕ್ಷಣಕ್ಷಣಕ್ಕೂ ಹೊಸದಾಗಿ ಬರೆಯುವುದಕ್ಕೆ ಗ್ರಾಫಿಕ್ಸ್ ಚಿಪ್ಪೆಂಬ ವಿಶೇಷ ಅಂಗ ಬೇಕು. ಸಾವಿರಾರು ಸಣ್ಣ ಲೆಕ್ಕಗಳನ್ನು ಏಕಕಾಲಕ್ಕೆ ಮಾಡುವುದೇ ಅದರ ಕೆಲಸ. ಆ ಅಂಗವೇ ಯಂತ್ರಭಾಗಗಳ ನಕ್ಷೆ ಬರೆಯುವುದಕ್ಕೂ, ಚಲನಚಿತ್ರ ಸಂಕಲನಕ್ಕೂ, ಕೃತಕ ಬುದ್ಧಿಮತ್ತೆಯ ಅಭ್ಯಾಸಕ್ಕೂ ನೆರವಾಗುತ್ತದೆ. ಆದುದರಿಂದ ಇಂಜಿನಿಯರಿಂಗ್ ಓದುವ ಹುಡುಗನ ಕೈಯಲ್ಲಿ ಆಟದ ಯಂತ್ರವು ಓದಿನ ಯಂತ್ರವೂ ಆಗಬಲ್ಲದು. ಆಗಿಯೇ ಆಗುತ್ತದೆಂದು ಭರವಸೆ ಕೊಡಲು ನಮ್ಮಿಂದಾಗದು. ಅದು ಹುಡುಗನಿಗೆ ಸೇರಿದ್ದು.

ಮೇಜಿನ ಯಂತ್ರವೋ, ಮಡಚುವ ಯಂತ್ರವೋ?

ಹಣದ ದೃಷ್ಟಿಯೊಂದರಿಂದಲೇ ನೋಡಿದರೆ ಬಿಡಿಭಾಗಗಳನ್ನು ಕೊಂಡು ಜೋಡಿಸಿದ ಮೇಜಿನ ಕಂಪ್ಯೂಟರೇ ಮೇಲೆಂಬುದರಲ್ಲಿ ಸಂಶಯವಿಲ್ಲ. ಅಷ್ಟೇ ಹಣಕ್ಕೆ ಹೆಚ್ಚು ಶಕ್ತಿ ದೊರೆಯುತ್ತದೆ. ಯಾವ ಭಾಗ ಕೆಟ್ಟರೂ ಅದೊಂದನ್ನೇ ಬದಲಿಸಬಹುದು. ನಾಲ್ಕು ವರ್ಷಗಳ ಬಳಿಕ ಗ್ರಾಫಿಕ್ಸ್ ಕಾರ್ಡೊಂದನ್ನೇ ಹೊಸದಾಗಿ ಹಾಕಿಸಬಹುದು. ಮಗನೋ ಮಗಳೋ ಮನೆಯಲ್ಲಿಯೇ ಕುಳಿತು ಓದುವುದಾದರೆ, ಮನೆಯಲ್ಲಿ ಮೇಜೊಂದಕ್ಕೆ ಸ್ಥಳವಿದ್ದರೆ, ಲ್ಯಾಪ್‌ಟಾಪಿನ ಆಲೋಚನೆಯನ್ನೇ ಬಿಡುವುದು ಲೇಸು.

ಆದರೆ ಈ ಗೃಹಸ್ಥರದು ಒಂದು ಕೋಣೆ, ಒಂದು ಅಡಿಗೆಮನೆಯ ಬಿಡಾರ. ರಾತ್ರಿ ಹಾಸಿಗೆ ಬಿಚ್ಚಿದರೆ ಕಾಲಿಡಲು ಜಾಗವಿಲ್ಲ. ಹುಡುಗನು ವಾರದಲ್ಲಿ ಮೂರು ದಿನ ಯಂತ್ರವನ್ನು ಕಾಲೇಜಿಗೆ ಒಯ್ಯಬೇಕು. ಇಂಥವರಿಗೆ ಮಡಚಿ ಕಪಾಟಿನಲ್ಲಿಡಬಹುದಾದ ಲ್ಯಾಪ್‌ಟಾಪೇ ಗತಿ. ಇಲ್ಲಿಯೂ ಒಂದು ಎಚ್ಚರಿಕೆ ಬೇಕು. ಆಟದ ಲ್ಯಾಪ್‌ಟಾಪುಗಳಲ್ಲಿ ಬಹುಪಾಲು ಎರಡು ಕಿಲೋಗ್ರಾಂ ದಾಟುತ್ತವೆ. ಇಟ್ಟಿಗೆಯಂತಹ ಅಡಾಪ್ಟರು ಬೇರೆ. ಬೆಳಗಿನ ಲೋಕಲಿನಲ್ಲಿ ಚೀಲವನ್ನು ಎದೆಗವಚಿಕೊಂಡು ನಿಲ್ಲುವವನಿಗೆ ಈ ತೂಕ ಸಾಮಾನ್ಯವಲ್ಲ.

'ಹೇಳಿ ಮಾಡಿಸುವುದು' ಎಂದರೇನು?

ಬಟ್ಟೆಯನ್ನು ಅಳತೆ ಕೊಟ್ಟು ಹೊಲಿಸುವಂತೆ ಲ್ಯಾಪ್‌ಟಾಪನ್ನೂ ಮಾಡಿಸಬಹುದೆಂದು ಹುಡುಗನು ನಂಬಿದ್ದನು. ಈ ಕಲ್ಪನೆ ಬರಲು ಕಾರಣವುಂಟು. ಅಮೇರಿಕದ ಮೈಕೆಲ್ ಡೆಲ್ ಎಂಬ ತರುಣನು 1984ರಲ್ಲಿ ವಿದ್ಯಾರ್ಥಿನಿಲಯದ ಕೋಣೆಯಲ್ಲಿ ವ್ಯಾಪಾರ ಆರಂಭಿಸಿ, ಗಿರಾಕಿ ಹೇಳಿದ ಭಾಗಗಳನ್ನೇ ಜೋಡಿಸಿ ಕೊಡುವ ಪದ್ಧತಿಯಿಂದ ಜಗದ್ವಿಖ್ಯಾತನಾದನು. ಮೇಜಿನ ಕಂಪ್ಯೂಟರಿಗೆ ಈ ಪದ್ಧತಿ ಪೂರ್ತಿ ಒಪ್ಪುತ್ತದೆ. ಲ್ಯಾಪ್‌ಟಾಪಿಗೆ ಅದು ಅರೆವಾಸಿ ಮಾತ್ರ ಒಪ್ಪುತ್ತದೆ.

ತೈವಾನಿನಲ್ಲಿ 1983ರಲ್ಲಿ ಸ್ಥಾಪಿತವಾದ ಕ್ಲೆವೊ ಎಂಬ ಕಾರ್ಖಾನೆಯವರು ಲ್ಯಾಪ್‌ಟಾಪಿನ ಒಡಲು, ಮೂಲ ಫಲಕ, ಪರದೆ, ಕೀಲಿಮಣೆ ಇವುಗಳನ್ನು ಒಂದಾಗಿ ತಯಾರಿಸುತ್ತಾರೆ. ನಾನಾ ದೇಶಗಳ ಸಣ್ಣ ಸಂಸ್ಥೆಗಳು ಆ ಒಡಲನ್ನು ತರಿಸಿ, ಗಿರಾಕಿಯ ಇಚ್ಛೆಯಂತೆ ಮೆಮೊರಿಯನ್ನೂ ದಾಸ್ತಾನಿನ ಡ್ರೈವನ್ನೂ ಹಾಕಿ, ತಮ್ಮ ಹೆಸರಿನಿಂದ ಮಾರುತ್ತವೆ. 'ಕಸ್ಟಮ್' ಲ್ಯಾಪ್‌ಟಾಪುಗಳಲ್ಲಿ ಅನೇಕವುಗಳ ಹುಟ್ಟು ಹೀಗೆ. ಆದರೆ ಮುಖ್ಯ ಪ್ರೊಸೆಸರೂ ಗ್ರಾಫಿಕ್ಸ್ ಚಿಪ್ಪೂ ಬಹುತೇಕ ಎಲ್ಲ ಲ್ಯಾಪ್‌ಟಾಪುಗಳಲ್ಲಿ ಮೂಲ ಫಲಕಕ್ಕೆ ಬೆಸೆದುಕೊಂಡಿರುತ್ತವೆ. ಅವನ್ನು ಕೊಳ್ಳುವ ದಿನ ಆರಿಸಬಹುದು, ಆಮೇಲೆ ಬದಲಿಸಲಾಗದು. ಗಿರಾಕಿಯ ಕೈಯಲ್ಲಿ ಎಂದೆಂದಿಗೂ ಉಳಿಯುವ ಸ್ವಾತಂತ್ರ್ಯ ಮೆಮೊರಿ, ಡ್ರೈವು ಇವೆರಡರ ಮಟ್ಟಿಗೆ. ಇಷ್ಟು ಸ್ವಾತಂತ್ರ್ಯ ಲೆನೊವೊ, ಅಸೂಸ್, ಎಚ್‌ಪಿ, ಏಸರ್ ಮೊದಲಾದವರ ಮಧ್ಯಮ ದರ್ಜೆಯ ಆಟದ ಲ್ಯಾಪ್‌ಟಾಪುಗಳಲ್ಲಿಯೂ ಸಾಮಾನ್ಯವಾಗಿ ದೊರೆಯುತ್ತದೆ. ಹೀಗಿರುವಾಗ 'ಕಸ್ಟಮ್' ಎಂಬ ಶಬ್ದಕ್ಕಾಗಿಯೇ ಹೆಚ್ಚು ಹಣ ತೆರುವುದು ವಿವೇಕವಲ್ಲ.

ಲ್ಯಾಮಿಂಗ್ಟನ್ ರಸ್ತೆಯಲ್ಲಿ

ಒಂದು ಶನಿವಾರ ತಂದೆ, ಮಗ, ನಾವು ಕೂಡಿ ಹೊರಟೆವು. ದಾದರಿನಲ್ಲಿ ಇಳಿದು, ಪಶ್ಚಿಮ ರೈಲ್ವೆಯ ನಿಧಾನಗಾಡಿ ಹಿಡಿದು, ಗ್ರಾಂಟ್ ರೋಡಿನ ಪೂರ್ವಕ್ಕೆ ಇಳಿದರೆ ಲ್ಯಾಮಿಂಗ್ಟನ್ ರಸ್ತೆ ಕಾಲ್ನಡಿಗೆಯ ದೂರ. 1903ರಿಂದ 1907ರವರೆಗೆ ಮುಂಬಯಿಯ ಗವರ್ನರಾಗಿದ್ದ ಲಾರ್ಡ್ ಲ್ಯಾಮಿಂಗ್ಟನ್ ಎಂಬವರ ಹೆಸರು ಅದಕ್ಕಿತ್ತು. ಈಗ ಅದು ಡಾಕ್ಟರ್ ದಾದಾಸಾಹೇಬ ಭಡಕಮಕರ ಮಾರ್ಗ. ಆದರೆ ಜನರ ಬಾಯಲ್ಲಿ ಹಳೆಯ ಹೆಸರೇ ಉಳಿದಿದೆ. ವಿದ್ಯುನ್ಮಾನ ವಸ್ತುಗಳಿಗೆ ನಗರದಲ್ಲಿ ಇಷ್ಟು ಹೆಸರಾದ ಪೇಟೆ ಬೇರೊಂದಿಲ್ಲ.

ಮೊದಲು ಹೊಕ್ಕ ಅಂಗಡಿಯಲ್ಲಿ ನಮಗೆ ತೋರಿಸಿದ್ದು ಕೀಲಿಮಣೆಯಲ್ಲಿ ಏಳು ಬಣ್ಣದ ದೀಪ ಹೊತ್ತುವ ಯಂತ್ರ. ಮೆಮೊರಿ 32 ಜಿಬಿ, ಡ್ರೈವು 1 ಟಿಬಿ. ಬೆಲೆ ನಮ್ಮ ಹಣಕ್ಕೆ ಸರಿಯಾಗಿತ್ತು. ಹುಡುಗನ ಮುಖ ಅರಳಿತು. ಗ್ರಾಫಿಕ್ಸ್ ಯಾವುದೆಂದು ವಿಚಾರಿಸಿದಾಗ 4 ಜಿಬಿಯ ಹಳೆಯ ಚಿಪ್ಪೆಂದು ತಿಳಿಯಿತು. ಬದಲಿಸಬಹುದಾದ ಭಾಗಗಳನ್ನು ದೊಡ್ಡದು ಮಾಡಿ, ಬದಲಿಸಲಾಗದ ಭಾಗವನ್ನು ಸಣ್ಣದಾಗಿಟ್ಟು ಬೆಲೆಯನ್ನು ಹೊಂದಿಸಿದ್ದರು. 32 ಎಂಬ ಅಂಕಿಯನ್ನು ಕಂಡು ಅದನ್ನು ಕೊಂಡಿದ್ದರೆ ಇನ್ನೊಂದು ವರ್ಷಕ್ಕೆ ಹೊಸ ಆಟಗಳ ಮುಂದೆ ಆ ಯಂತ್ರ ಮಂಡಿಯೂರುತ್ತಿತ್ತು.

ಎರಡನೆಯ ಅಂಗಡಿಯಲ್ಲಿ ಕಂಡದ್ದು ಇದಕ್ಕಿಂತ ಸೂಕ್ಷ್ಮವಾದ ಬಲೆ. ತೆಳುವಾದ, ನೋಡಲು ಸುಂದರವಾದ ಯಂತ್ರ. ಅದರ ಮೇಲೆ ಎನ್‌ವಿಡಿಯಾ ಕಂಪನಿಯ ಆರ್‌ಟಿಎಕ್ಸ್ 4060 ಎಂಬ ಒಳ್ಳೆಯ ಹೆಸರು. ಬೆಲೆಯೂ ಕಡಿಮೆ. ಈ ಚಿಪ್ಪು ಎಷ್ಟು ವ್ಯಾಟಿನಲ್ಲಿ ಓಡುತ್ತದೆಂದು ಕೇಳಿದರೆ, "ಸಬ್ ಏಕ್ ಹೀ ಹೈ ಸಾಬ್" ಎಂಬ ಉತ್ತರ ಬಂತು. ಎಲ್ಲವೂ ಒಂದೇ ಅಲ್ಲ. 2023ರಲ್ಲಿ ಹೊರಬಂದ ಈ ಲ್ಯಾಪ್‌ಟಾಪ್ ಚಿಪ್ಪನ್ನು 35 ವ್ಯಾಟಿನಿಂದ 115 ವ್ಯಾಟಿನವರೆಗೆ ಯಾವ ಮಟ್ಟದಲ್ಲಿ ಬೇಕಾದರೂ ಓಡಿಸಲು ತಯಾರಕರಿಗೆ ಅವಕಾಶವಿದೆ. ತೆಳುವಾದ ಒಡಲಿನಲ್ಲಿ ಬಿಸಿ ಹೊರಹೋಗಲು ದಾರಿಯಿಲ್ಲದ ಕಾರಣ ಚಿಪ್ಪಿಗೆ ಕಡಿಮೆ ವಿದ್ಯುತ್ತು ಕೊಟ್ಟು ಕಡಿಮೆ ಕೆಲಸ ತೆಗೆಯುತ್ತಾರೆ. ಹೆಸರು ಒಂದೇ, ಕೆಲಸ ಬೇರೆ. ಬೆಳ್ಳಗಿರುವುದೆಲ್ಲ ಹಾಲಲ್ಲವೆಂಬ ಗಾದೆ ಈ ಪೇಟೆಗೆ ಚೆನ್ನಾಗಿ ಅನ್ವಯಿಸುತ್ತದೆ.

ಮೇಜಿನ ಕಂಪ್ಯೂಟರಿನ ಚಿಪ್ಪಿಗೂ ಲ್ಯಾಪ್‌ಟಾಪಿನ ಚಿಪ್ಪಿಗೂ ಒಂದೇ ಹೆಸರಿಡುವ ರೂಢಿ ಇನ್ನೊಂದು ತೊಡಕು. ಉದಾಹರಣೆಗೆ, ಆರ್‌ಟಿಎಕ್ಸ್ 4070 ಎಂಬ ಚಿಪ್ಪಿಗೆ ಮೇಜಿನ ಯಂತ್ರದಲ್ಲಿ 12 ಜಿಬಿ ಸ್ವಂತ ಮೆಮೊರಿಯುಂಟು. ಅದೇ ಹೆಸರಿನ ಲ್ಯಾಪ್‌ಟಾಪ್ ಚಿಪ್ಪಿಗೆ 8 ಜಿಬಿ ಮಾತ್ರ. ಹೆಸರನ್ನು ಓದಿ ತೃಪ್ತರಾಗದೆ, ಆ ಮಾದರಿಯ ಕುರಿತು ತಯಾರಕರೇ ಪ್ರಕಟಿಸಿರುವ ವಿವರಪಟ್ಟಿಯಲ್ಲಿ 'ಟಿಜಿಪಿ' ಎಂಬ ಶೀರ್ಷಿಕೆಯ ಕೆಳಗೆ ಎಷ್ಟು ವ್ಯಾಟ್ ಎಂದಿದೆಯೆಂಬುದನ್ನು ನೋಡಬೇಕು. ಆ ಅಂಕಿಯನ್ನು ಎಲ್ಲಿಯೂ ಹೇಳದ ಯಂತ್ರವನ್ನು ಕೊಳ್ಳದಿರುವುದೇ ಒಳ್ಳೆಯದು.

ಚಿಮಣಿಯೂ ಮೇಜುಕುರ್ಚಿಯೂ

ಎರಡು ಅಂಗಡಿಗಳಿಂದ ಬರಿಗೈಯಲ್ಲಿ ಹೊರಬಂದುದರಿಂದ ಹುಡುಗನಿಗೆ ಬೇಸರವಾಯಿತು. ಸಮೀಪದ ಹೋಟೆಲಿನಲ್ಲಿ ಚಹಾ ಕುಡಿಯುತ್ತ ನಾವು ಈ ವ್ಯಾಟುಗಳ ವಿಚಾರವನ್ನು ವಿವರಿಸುತ್ತಿದ್ದಾಗ, ಅದುವರೆಗೆ ಸುಮ್ಮನಿದ್ದ ತಂದೆಯವರು ಮಾತನಾಡಿದರು.

"ಇದು ನಮ್ಮ ಹೋಟೆಲಿನ ಜಾಗ ಹಿಡಿಯುವ ಹಾಗೆಯೇ ಆಯ್ತಲ್ಲ ಮಾರಾಯರೆ. ಜಾಗ ನೋಡುವಾಗ ನಾನು ಮೇಜುಕುರ್ಚಿ ನೋಡುವುದಿಲ್ಲ; ಅದು ಯಾವಾಗಲೂ ಸಿಗುತ್ತದೆ. ನಾನು ನೋಡುವುದು ಹೊಗೆ ಹೋಗುವ ಚಿಮಣಿ, ನೀರು ಹೋಗುವ ಮೋರಿ, ಒಲೆಯ ಜಾಗ. ಅದು ಸರಿಯಿಲ್ಲದಿದ್ದರೆ ಆಮೇಲೆ ಎಷ್ಟು ಖರ್ಚು ಮಾಡಿದರೂ ಸರಿಯಾಗುವುದಿಲ್ಲ."

ಮಗನು ತಂದೆಯ ಮುಖವನ್ನೇ ನೋಡಿದನು. "ಹೌದು ಅಪ್ಪಯ್ಯ, ಗ್ರಾಫಿಕ್ಸೇ ಒಲೆ, ಫ್ಯಾನೇ ಚಿಮಣಿ" ಎಂದನು. ಬಹುದಿನಗಳಿಂದ ಒಂದೇ ವಿಷಯದ ಮೇಲೆ ವಾದಿಸುತ್ತಿದ್ದ ಅವರಿಬ್ಬರೂ ಆ ದಿನ ಮೊದಲ ಬಾರಿಗೆ ಒಂದೇ ಭಾಷೆಯಲ್ಲಿ ಮಾತನಾಡಿದರೆಂದು ನಮಗೆ ತೋರಿತು.

ನಾವು ಹೇಳಬೇಕೆಂದಿದ್ದ ತತ್ತ್ವವೂ ಇದೇ. ಮುಂದೆ ಬದಲಿಸಲಾಗದುದರ ಮೇಲೆ ಇಂದು ಹಣ ಹಾಕಬೇಕು. ಮುಂದೆ ಬದಲಿಸಬಹುದಾದುದರ ವಿಷಯದಲ್ಲಿ ತಾಳ್ಮೆಯಿರಬೇಕು. ಮಧ್ಯಮ ಮೊತ್ತದ ಖರೀದಿದಾರನಿಗೆ ಇದೇ ಒರೆಗಲ್ಲು.

ಬದಲಿಸಲಾಗದ ಭಾಗಗಳು

ಮೊದಲನೆಯದು ಗ್ರಾಫಿಕ್ಸ್ ಚಿಪ್ಪು. ಇಂದಿನ ಆಟಗಳನ್ನು ಮೂರು ನಾಲ್ಕು ವರ್ಷ ಆಡಬೇಕೆನ್ನುವವರು ಸ್ವಂತ ಮೆಮೊರಿ 8 ಜಿಬಿ ಇರುವ ಚಿಪ್ಪನ್ನೇ ನೋಡಬೇಕು. 2023ರ ಆರ್‌ಟಿಎಕ್ಸ್ 4060, 2025ರ ಆರ್‌ಟಿಎಕ್ಸ್ 5050 ಮತ್ತು 5060 ಇವುಗಳ ಲ್ಯಾಪ್‌ಟಾಪ್ ರೂಪಗಳಲ್ಲಿ ಅಷ್ಟಿದೆ. 4050ರಲ್ಲಿ 6 ಜಿಬಿ. ಇವುಗಳಲ್ಲಿ ತಕ್ಕಮಟ್ಟಿಗೆ ಹೆಚ್ಚು ವ್ಯಾಟಿನಲ್ಲಿ ಓಡುವುದನ್ನು ಆರಿಸಬೇಕು.

ಎರಡನೆಯದು ಬಿಸಿಯ ವಿಲೇವಾರಿ. ಮುಂಬಯಿಯ ಹವೆಯಲ್ಲಿ ಇದರ ಮಹತ್ವ ಇಮ್ಮಡಿ. ಹವಾನಿಯಂತ್ರಣವಿಲ್ಲದ ಕೋಣೆಯಲ್ಲಿ ಮೇ ತಿಂಗಳ ಮಧ್ಯಾಹ್ನ ಸುತ್ತಲಿನ ಗಾಳಿಯೇ ಕಾದಿರುವಾಗ ಫ್ಯಾನುಗಳು ಆ ಗಾಳಿಯಿಂದಲೇ ಚಿಪ್ಪನ್ನು ತಂಪುಗೊಳಿಸಬೇಕು. ತಂಪಾಗದಿದ್ದರೆ ಚಿಪ್ಪು ತನ್ನನ್ನು ಕಾಪಾಡಿಕೊಳ್ಳಲು ತಾನಾಗಿ ವೇಗ ತಗ್ಗಿಸುತ್ತದೆ. ಎರಡು ಫ್ಯಾನುಗಳು, ಹಿಂಬದಿಯಲ್ಲಿಯೂ ಪಕ್ಕದಲ್ಲಿಯೂ ಅಗಲವಾದ ಗಾಳಿಕಿಂಡಿಗಳು, ಸ್ವಲ್ಪ ದಪ್ಪನೆಯ ಒಡಲು ಇವು ಒಳ್ಳೆಯ ಲಕ್ಷಣಗಳು. ಹಾಸಿಗೆಯ ಮೇಲಿಟ್ಟು ಆಡಿದರೆ ಅಡಿಯ ಕಿಂಡಿಗಳು ಮುಚ್ಚಿಹೋಗುತ್ತವೆಂಬುದನ್ನು ಮಕ್ಕಳಿಗೆ ಹೇಳಿಕೊಡಬೇಕು.

ಮೂರನೆಯದು ಪರದೆ. ಪರದೆಯ ಮೇಲೆ ಚುಕ್ಕೆಗಳು ಹೆಚ್ಚಾದಷ್ಟೂ ಗ್ರಾಫಿಕ್ಸ್ ಚಿಪ್ಪಿನ ದುಡಿಮೆ ಹೆಚ್ಚು. 1920ಕ್ಕೆ 1080ರ ಪರದೆಯಲ್ಲಿ ಸುಮಾರು 20.7 ಲಕ್ಷ ಚುಕ್ಕೆಗಳು. 2560ಕ್ಕೆ 1600ರ ಪರದೆಯಲ್ಲಿ ಸುಮಾರು 41 ಲಕ್ಷ. ಎರಡನೆಯದನ್ನು ತುಂಬಲು ಚಿಪ್ಪು ಹೆಚ್ಚುಕಡಿಮೆ ಎರಡರಷ್ಟು ಬರೆಯಬೇಕು. ಮಧ್ಯಮ ಚಿಪ್ಪಿಗೆ ಮೊದಲನೆಯದು ಸಾಕು. ಸೆಕೆಂಡಿಗೆ 144 ಸಾರಿ ಚಿತ್ರ ಬದಲಿಸುವ ಪರದೆ ಆಟಕ್ಕೆ ಒಳ್ಳೆಯದು. ಬಣ್ಣದ ವಿಷಯದಲ್ಲಿ ವಿವರಪಟ್ಟಿಯಲ್ಲಿ '45 ಪ್ರತಿಶತ ಎನ್‌ಟಿಎಸ್‌ಸಿ' ಎಂದಿದ್ದರೆ ಬಣ್ಣಗಳು ತೊಳೆದ ಬಟ್ಟೆಯಂತೆ ಮಸುಕಾಗಿರುತ್ತವೆ. '100 ಪ್ರತಿಶತ ಎಸ್‌ಆರ್‌ಜಿಬಿ' ಎಂದಿದ್ದರೆ ಚಿತ್ರಸಂಕಲನಕ್ಕೂ ಯೋಗ್ಯ. ಅಂಗಡಿಯಲ್ಲಿ ಪ್ರದರ್ಶನಕ್ಕಿಟ್ಟ ಯಂತ್ರದ ಪರದೆಯನ್ನು ಕಣ್ಣಾರೆ ನೋಡಿ, ಕೀಲಿಮಣೆಯ ಮೇಲೆ ಹತ್ತು ಸಾಲು ಬೆರಳಚ್ಚು ಮಾಡಿ ನೋಡುವುದಕ್ಕೆ ಸಂಕೋಚಪಡಬಾರದು.

ಬ್ಯಾಟರಿಯ ವಿಷಯದಲ್ಲಿ ಹೆಚ್ಚಿನ ಆಸೆ ಬೇಡ. 60 ವ್ಯಾಟ್-ಗಂಟೆಯ ಬ್ಯಾಟರಿಯಿಂದ ಯಂತ್ರವು 150 ವ್ಯಾಟ್ ಎಳೆದರೆ ಅದು ಬರುವುದು 24 ನಿಮಿಷ. ಆದುದರಿಂದಲೇ ಗೋಡೆಯ ಪ್ಲಗ್ಗು ತೆಗೆದೊಡನೆ ಇಂಥ ಯಂತ್ರಗಳು ತಮ್ಮ ವೇಗವನ್ನು ಕುಗ್ಗಿಸುತ್ತವೆ. ಬ್ಯಾಟರಿಯನ್ನು ಪಾಠ ಬರೆದುಕೊಳ್ಳುವುದಕ್ಕೆಂದೂ, ಪ್ಲಗ್ಗನ್ನು ಆಟಕ್ಕೆಂದೂ ತಿಳಿಯಬೇಕು.

ಬದಲಿಸಬಹುದಾದ ಭಾಗಗಳು

ಮೆಮೊರಿ ಈಗ 16 ಜಿಬಿ ಇದ್ದರೆ ಸಾಕು. ಆದರೆ ಅದು ಫಲಕಕ್ಕೆ ಬೆಸೆದಿರಬಾರದು, ಎರಡು ಖಾನೆಗಳಿರಬೇಕು. 8ರ ಎರಡು ಪಟ್ಟಿಗಳಿದ್ದರೆ ಇಂದೇ ವೇಗ ಚೆನ್ನಾಗಿರುತ್ತದೆ, ಆದರೆ ಮುಂದೆ ಹೆಚ್ಚಿಸುವಾಗ ಅವನ್ನು ತೆಗೆದಿಡಬೇಕಾಗುತ್ತದೆ. 16ರ ಒಂದೇ ಪಟ್ಟಿಯಿದ್ದರೆ ಆಟದಲ್ಲಿ ಸ್ವಲ್ಪ ವೇಗ ಕಡಿಮೆ, ಆದರೆ ಇನ್ನೊಂದು ಖಾನೆ ಖಾಲಿಯಿರುತ್ತದೆ. ಬೇಗ ಹೆಚ್ಚಿಸುವವರಿಗೆ ಎರಡನೆಯದು, ಬಹುಕಾಲ ಹಾಗೆಯೇ ಬಳಸುವವರಿಗೆ ಮೊದಲನೆಯದು ಒಳ್ಳೆಯದು. 2025ರ ಕೊನೆಯ ತಿಂಗಳುಗಳಲ್ಲಿ ಮೆಮೊರಿಯ ಬೆಲೆ ಹಠಾತ್ತನೆ ಏರಿತು. ಕೃತಕ ಬುದ್ಧಿಮತ್ತೆಯ ಭಾರೀ ಕೇಂದ್ರಗಳಿಗಾಗಿ ಕಾರ್ಖಾನೆಗಳು ತಮ್ಮ ಉತ್ಪನ್ನವನ್ನು ಅತ್ತ ತಿರುಗಿಸಿದುದೇ ಕಾರಣ. ಮೈಕ್ರಾನ್ ಕಂಪನಿಯು ಸಾಮಾನ್ಯ ಗಿರಾಕಿಗಳಿಗೆ ಮಾರುತ್ತಿದ್ದ ಕ್ರೂಷಿಯಲ್ ಎಂಬ ಹೆಸರಿನ ವ್ಯಾಪಾರವನ್ನು ನಿಲ್ಲಿಸುವುದಾಗಿ ಆ ಡಿಸೆಂಬರಿನಲ್ಲಿ ಸಾರಿತು. ಇಂಥ ಏರಿಳಿತವಿರುವಾಗ ಖಾಲಿ ಖಾನೆಯೊಂದು ನಮ್ಮ ಕೈಯಲ್ಲಿರುವುದೇ ಭಾಗ್ಯ. ಬೆಲೆ ಇಳಿದಾಗ ತುಂಬಿಸಬಹುದು.

ದಾಸ್ತಾನಿನ ಡ್ರೈವಿಗೂ ಇದೇ ಮಾತು. ಒಂದೊಂದು ದೊಡ್ಡ ಆಟವೇ 100 ಜಿಬಿ ಮೀರುವುದುಂಟು. 512 ಜಿಬಿಯಲ್ಲಿ ಇಕ್ಕಟ್ಟಾಗುತ್ತದೆ. ಎರಡನೆಯ ಡ್ರೈವಿಗೆ ಖಾನೆಯಿದೆಯೆ ಎಂದು ಕೇಳಿಕೊಂಡರೆ ಇಂದಿನ ಇಕ್ಕಟ್ಟನ್ನು ನಾಳೆ ಬಿಡಿಸಬಹುದು.

ರಶೀದಿ ಮತ್ತು ಮಳೆಗಾಲ

ಲ್ಯಾಪ್‌ಟಾಪಿನ ಮೇಲೆ ಪ್ರತಿಶತ 18ರ ಜಿಎಸ್‌ಟಿ ಇದೆ. ತೆರಿಗೆ ಸೇರಿ 90,000 ರೂಪಾಯಿ ಬೆಲೆಯಾದರೆ ಅದರಲ್ಲಿ 13,729 ರೂಪಾಯಿ ತೆರಿಗೆಯೇ. "ಬಿಲ್ಲಿಲ್ಲದೆ ಒಯ್ಯಿರಿ, ಕಡಿಮೆ ಮಾಡಿ ಕೊಡುತ್ತೇವೆ" ಎನ್ನುವವರು ಸಿಕ್ಕರೆ ಕೈಮುಗಿದು ಹೊರಬರಬೇಕು. ಯಂತ್ರದ ಕ್ರಮಸಂಖ್ಯೆ ಬರೆದ ಪಕ್ಕಾ ಬಿಲ್ಲಿಲ್ಲದಿದ್ದರೆ ಗ್ಯಾರಂಟಿಯ ಕಾಲದಲ್ಲಿ ಜಗಳವಾಡಲು ನಮ್ಮ ಕೈಯಲ್ಲಿ ಏನೂ ಇರುವುದಿಲ್ಲ. ಆಕಸ್ಮಿಕ ಹಾನಿಗೆ ರಕ್ಷಣೆ ನೀಡುವ ಯೋಜನೆಯಿದ್ದರೆ ಅದರ ಷರತ್ತುಗಳನ್ನು ಓದಿ ತೆಗೆದುಕೊಳ್ಳುವುದು ಜಾಣತನ. ಜುಲೈ ತಿಂಗಳಲ್ಲಿ ಹಳಿಗಳ ಮೇಲೆ ನೀರು ನಿಂತು, ನಡೆದು ಮನೆ ಸೇರಿದ ಅನುಭವವಿರುವ ನಮ್ಮ ವಾಚಕರಿಗೆ ಇದರ ಅಗತ್ಯವನ್ನು ವಿವರಿಸಬೇಕಾಗಿಲ್ಲ.

ಆ ದಿನ ನಾವು ಏನನ್ನೂ ಕೊಳ್ಳಲಿಲ್ಲ. ತಂದೆಯವರು ಹೋಟೆಲಿನ ಬಿಲ್ಲಿನ ಹಿಂಬದಿಯಲ್ಲಿ ಮಗನಿಂದ ಐದು ಪ್ರಶ್ನೆಗಳನ್ನು ಬರೆಯಿಸಿಕೊಂಡರು: ಚಿಪ್ಪು ಯಾವುದು, ಎಷ್ಟು ವ್ಯಾಟು, ಪರದೆಯ ಬಣ್ಣವೆಷ್ಟು, ಖಾನೆಗಳೆಷ್ಟು, ಬಿಲ್ಲು ಪಕ್ಕಾವೆ? ಮುಂದಿನ ವಾರ ತಂದೆಮಕ್ಕಳಿಬ್ಬರೇ ಹೋಗಿ, ಐದಕ್ಕೂ ಸರಿಯಾದ ಉತ್ತರ ಕೊಟ್ಟ ಅಂಗಡಿಯಿಂದ ದೀಪದ ಅಲಂಕಾರವಿಲ್ಲದ, ಸ್ವಲ್ಪ ದಪ್ಪನೆಯ ಯಂತ್ರವೊಂದನ್ನು ತಂದರು. ಪಿಗ್ಮಿಯ ಹಣದಲ್ಲಿ 4,000 ರೂಪಾಯಿ ಉಳಿಯಿತು. ಅದನ್ನು ಮುಂದೆ ಮೆಮೊರಿಗೆಂದು ಮಗನ ಹೆಸರಿನಲ್ಲಿಯೇ ಇರಿಸಿದ್ದಾರೆ. ಪ್ರಶ್ನೆಗಳನ್ನು ಅಂಗಡಿಯವನ ಮುಂದೆ ಒಂದೊಂದಾಗಿ ಕೇಳಿದವರು ತಂದೆಯವರೇ ಎಂದು ಹುಡುಗನು ಆಮೇಲೆ ನಮಗೆ ಹೇಳಿದನು. ಅದನ್ನು ಹೇಳುವಾಗ ಅವನ ದನಿಯಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತು.

ಬರುವ ಜೂನಿನಲ್ಲಿ ಕಾಲೇಜುಗಳು ತೆರೆಯುವಾಗ ನಮ್ಮ ಅನೇಕ ಮನೆಗಳಲ್ಲಿ ಇದೇ ಪ್ರಶ್ನೆ ಏಳಲಿದೆ. ಹೆಸರಿಗೂ ಬೆಳಕಿಗೂ ಮರುಳಾಗದೆ, ಒಲೆಯನ್ನೂ ಚಿಮಣಿಯನ್ನೂ ಮೊದಲು ನೋಡಿದರೆ, 900 ದಿನಗಳ ದುಡಿಮೆ ವ್ಯರ್ಥವಾಗಲಾರದೆಂದು ನಾವು ನಂಬುತ್ತೇವೆ.